ರೂಟರ್‌ಗೆ ಹಾರ್ಡ್ ಡಿಸ್ಕ್ ಜೋಡಿಸುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮ ತೋಟದ ಮನೆ. ಫೈಬರ್ ಸಂಪರ್ಕವಿದೆ. ಎರಡು ಲ್ಯಾಪ್‌ಟಾಪ್, ಒಂದು ಟಿವಿ, ನಾಲ್ಕು ಮೊಬೈಲ್. ಚೆಕ್‌ರೋಲ್ (ಆಳುಗಳ ಹಾಜರಿ–ಕೂಲಿ ಪಟ್ಟಿ), ಕಾಫಿ–ಮೆಣಸಿನ ಲೆಕ್ಕ, ಮನೆಯ ಫೋಟೋಗಳು ಎಲ್ಲರಿಗೂ ಒಂದೇ ಕಡೆ ಸಿಗಬೇಕು. 1 ಟಿಬಿ ಹಾರ್ಡ್ ಡಿಸ್ಕ್ ಕೈಯಲ್ಲಿದೆ. ರೂಟರ್‌ಗೆ ಐದು ಸಾವಿರ ರೂಪಾಯಿ ದಾಟಲು ಮನಸ್ಸಿಲ್ಲ. ಏನು ನೋಡಿ ಕೊಳ್ಳಬೇಕು?
– ಗೋಣಿಕೊಪ್ಪದ ಓದುಗರು

ಉತ್ತರ: ಕೊಳ್ಳುವ ಮೊದಲು ಫೈಬರ್ ಕಂಪನಿಯವರು ಗೋಡೆಗೆ ಹೊಡೆದುಕೊಟ್ಟ ಪೆಟ್ಟಿಗೆಯ ಬದಿಯನ್ನು ಒಮ್ಮೆ ನೋಡಿ. ಎಷ್ಟೋ ಪೆಟ್ಟಿಗೆಗಳಲ್ಲಿ ಯುಎಸ್‌ಬಿ ಕಿಂಡಿ ಇರುತ್ತದೆ. ಅದಕ್ಕೊಂದು ಪೆನ್ ಡ್ರೈವ್ ಚುಚ್ಚಿ, ಬ್ರೌಸರ್‌ನಲ್ಲಿ 192.168.1.1 (ಅಥವಾ ಪೆಟ್ಟಿಗೆಯ ಅಡಿಯಲ್ಲಿ ಬರೆದ ವಿಳಾಸ) ತೆರೆದು ‘ಸಾಂಬಾ’ ಅಥವಾ ‘ಯುಎಸ್‌ಬಿ ಸ್ಟೋರೇಜ್’ ಎಂಬ ಪುಟ ಇದೆಯೇ ಹುಡುಕಿ. ಇದ್ದರೆ ಒಂದು ವಾರ ಅದರಲ್ಲೇ ನಡೆಸಿ ನೋಡಿ; ಖರ್ಚೇ ಬೇಕಾಗದೆ ಹೋಗಬಹುದು. ಕಿಂಡಿ ಇದ್ದೂ ಆ ಪುಟವನ್ನು ಕಂಪನಿಯವರು ಮುಚ್ಚಿಟ್ಟಿರುವುದೂ ಉಂಟು. ಆಗ ಬೇರೆ ರೂಟರ್ ಬೇಕು.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ‘ಎಸಿ 1200’, ‘ಎಎಕ್ಸ್ 1500’ ಎಂಬ ದಪ್ಪ ಅಕ್ಷರ. ಅದನ್ನು ಪಕ್ಕಕ್ಕಿಡಿ. ವೈ-ಫೈನ ಎರಡು ಬ್ಯಾಂಡ್‌ಗಳ (2.4 ಮತ್ತು 5 ಗಿಗಾಹರ್ಟ್ಸ್) ಕಾಗದದ ವೇಗವನ್ನು ಕೂಡಿಸಿದ ಮೊತ್ತ ಅದು. ಎಸಿ 1200 ಎಂದರೆ 300 ಮತ್ತು 867 ಸೇರಿಸಿ ಮೇಲಕ್ಕೆ ಹೊಂದಿಸಿದ್ದು. ನಿಮ್ಮ ಕೆಲಸಕ್ಕೆ ನೋಡಬೇಕಾದದ್ದು ರೂಟರ್‌ನ ಬೆನ್ನು.

ಅಲ್ಲಿ ಯುಎಸ್‌ಬಿ ಕಿಂಡಿ ಇದೆಯೇ ಎಂದು ಕಣ್ಣಾರೆ ನೋಡಿ, ಹೆಸರನ್ನು ನಂಬಬೇಡಿ. ಟಿಪಿ-ಲಿಂಕ್ ಆರ್ಚರ್ ಸಿ6ಗೆ ಯುಎಸ್‌ಬಿ ಇಲ್ಲ, ಸಿ6ಯುಗೆ ಇದೆ. ಒಂದಕ್ಷರದ ವ್ಯತ್ಯಾಸ, ಆದರೆ ನಿಮಗೆ ಬೇಕಾದದ್ದೇ ಆ ಅಕ್ಷರ. ಇನ್ನೊಂದು, ಲ್ಯಾನ್ ಪೋರ್ಟ್‌ಗಳು (ಕಂಪ್ಯೂಟರ್‌ನ ಕೇಬಲ್ ಚುಚ್ಚುವ ಕಿಂಡಿಗಳು) ಗಿಗಾಬಿಟ್ ಆಗಿರಲಿ. ‘10/100’ ಎಂದು ಬರೆದ ಪೋರ್ಟ್‌ನಲ್ಲಿ ಕೇಬಲ್ ಮೂಲಕ ಸೆಕೆಂಡಿಗೆ 11 ಎಂಬಿಗಿಂತ ಹೆಚ್ಚು ಹರಿಯುವುದಿಲ್ಲ. 200 ಜಿಬಿ ಫೋಟೋ ತುಂಬಲು ಐದು ಗಂಟೆ ಹಿಡಿಯುತ್ತದೆ. ಅದೇ ಗಿಗಾಬಿಟ್ ಪೋರ್ಟ್ ಜೊತೆ ಯುಎಸ್‌ಬಿ 2.0 ಇದ್ದರೆ, ರೂಟರ್‌ನ ಪ್ರೊಸೆಸರ್ ಸಾಥ್ ಕೊಟ್ಟರೆ, ಸೆಕೆಂಡಿಗೆ 25 ಎಂಬಿ ಆಸುಪಾಸು ಸಿಗಬಹುದು. ಎರಡೂಕಾಲು ಗಂಟೆಯ ಕೆಲಸ. ಈ ಬೆಲೆಯಲ್ಲಿ ಯುಎಸ್‌ಬಿ 3.0 ಸಿಕ್ಕರೆ ಸಂತೋಷ, ಸಿಗದಿದ್ದರೆ ಕೊರಗಬೇಡಿ. ಲೆಕ್ಕದ ಫೈಲು, ಫೋಟೋ, ಟಿವಿಯಲ್ಲಿ ಸಿನಿಮಾ, ಇಷ್ಟಕ್ಕೆ 2.0 ಸಾಕು. ಮೊದಲ ಸಲ ತುಂಬುವಾಗ ಮಾತ್ರ ಡಿಸ್ಕನ್ನು ಲ್ಯಾಪ್‌ಟಾಪ್‌ಗೇ ನೇರ ಚುಚ್ಚಿ ತುಂಬಿ, ಆಮೇಲೆ ರೂಟರ್‌ಗೆ ಹಾಕಿ.

ಡಿಸ್ಕನ್ನು ಯಾವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಬೇಕು? ಫ್ಯಾಟ್32 ಬೇಡ, 4 ಜಿಬಿ ಮೀರಿದ ಒಂದು ಫೈಲೂ ಅದರಲ್ಲಿ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಡುವ ದಾಖಲೆ) ಇಲ್ಲ, ಬರೆಯುತ್ತಿರುವಾಗ ಕರೆಂಟು ಹೋದರೆ ಫೋಲ್ಡರ್‌ಗಳೇ ಕಲಸಿಹೋಗಬಹುದು. ನಮ್ಮ ಮಳೆಗಾಲಕ್ಕೆ ಎನ್‌ಟಿಎಫ್‌ಎಸ್ ವಾಸಿ. ರೂಟರ್ ಅದನ್ನು ಓದುವುದಷ್ಟೇ ಅಲ್ಲ, ಅದರ ಮೇಲೆ ಬರೆಯುತ್ತದೆಯೇ ಎಂಬುದನ್ನು ಕಂಪನಿಯ ವಿವರಪುಟದಲ್ಲಿ ಖಚಿತಪಡಿಸಿಕೊಳ್ಳಿ.

ಜೋಡಿಸುವಾಗ ಹಳೆಯ ಪೆಟ್ಟಿಗೆಯ ಲ್ಯಾನ್ ಪೋರ್ಟ್‌ನಿಂದ ಹೊಸ ರೂಟರ್‌ನ ವ್ಯಾನ್ ಪೋರ್ಟ್‌ಗೆ (ಇಂಟರ್‌ನೆಟ್ ಒಳಬರುವ ಕಿಂಡಿ) ಕೇಬಲ್ ಎಳೆಯಿರಿ. ಎರಡರದ್ದೂ ವಿಳಾಸ 192.168.1.1 ಆಗಿದ್ದರೆ ಜಗಳ ಗ್ಯಾರಂಟಿ, ಹೊಸದನ್ನು 192.168.10.1ಕ್ಕೆ ಬದಲಿಸಿ. ಹಳೆಯದರ ವೈ-ಫೈ ಆರಿಸಿ. ಆರಿಸದಿದ್ದರೆ ಮನೆಯವರ ಒಂದು ಫೋನು ಅದಕ್ಕೇ ಅಂಟಿಕೊಂಡು, ‘ಡಿಸ್ಕ್ ಕಾಣುತ್ತಿಲ್ಲ’ ಎಂಬ ದೂರು ದಿನಾ ಬರುತ್ತದೆ. ಹಳೆಯ ಪೆಟ್ಟಿಗೆಯ ಕಡೆಯಿಂದ ಹೊಸ ರೂಟರ್‌ನ ಒಳಕ್ಕೆ ದಾರಿಯಿಲ್ಲದಿರುವುದೇ ಕಾರಣ.

ಕೊನೆಗೊಂದು ಎಚ್ಚರಿಕೆ. ಚೆಕ್‌ರೋಲ್ ಎಕ್ಸೆಲ್‌ನಲ್ಲಿದ್ದರೆ ತೊಂದರೆಯಿಲ್ಲ. ಒಬ್ಬರು ತೆರೆದಿದ್ದಾಗ ಇನ್ನೊಬ್ಬರಿಗೆ ಓದಲು ಮಾತ್ರ ಸಿಗುತ್ತದೆ. ಆದರೆ ಟ್ಯಾಲಿಯಂಥ ಲೆಕ್ಕದ ತಂತ್ರಾಂಶದ ಡೇಟಾ ಫೋಲ್ಡರನ್ನು ರೂಟರ್ ಡಿಸ್ಕ್ ಮೇಲಿಟ್ಟು ವೈ-ಫೈ ಮೂಲಕ ನಡೆಸಬೇಡಿ. ಸಂಪರ್ಕ ಒಂದು ಕ್ಷಣ ತಪ್ಪಿದರೂ ಡೇಟಾ ಕೆಡಬಹುದು. ಅದು ಲೆಕ್ಕ ಬರೆಯುವ ರೈಟರ್ ಅವರ ಕಂಪ್ಯೂಟರ್‌ನಲ್ಲೇ ಇರಲಿ, ಸಂಜೆ ತೆಗೆದ ಪ್ರತಿ ಮಾತ್ರ ರೂಟರ್ ಡಿಸ್ಕಿಗೆ ಹೋಗಲಿ.

ಪ್ರಶ್ನೆ: ರೂಟರ್‌ಗೆ ಹಾಕಿದ ಹಾರ್ಡ್ ಡಿಸ್ಕ್ ‘ಟಿಕ್ ಟಿಕ್’ ಎಂದು ಸದ್ದು ಮಾಡಿ ಮಾಯವಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿಯೇ ಇದೆ. ಡಿಸ್ಕ್ ಹೋಯಿತೇ?
– ಸೋಮವಾರಪೇಟೆ

ಉತ್ತರ: ಡಿಸ್ಕ್ ಚೆನ್ನಾಗಿದೆ, ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿ ಆಂಪಿಯರ್, 3.0 ಆದರೆ 900. ಅಂಗೈಯಗಲದ 2.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ ಒಂದು ಆಂಪಿಯರ್‌ವರೆಗೂ ಎಳೆಯಬಹುದು. ಸಿಗದಿದ್ದಾಗ ತಿರುಗಲು ಹೊರಟು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಆ ಸದ್ದೇ ನಿಮಗೆ ಕೇಳುವುದು. ಹಾಗೆಯೇ ಬಿಟ್ಟರೆ ನಿಜವಾಗಿಯೂ ಹಾಳಾಗುತ್ತದೆ, ಇವತ್ತೇ ಕಳಚಿ.

ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಅನ್ನು ನಡುವೆ ಹಾಕುವುದು ಅಗ್ಗದ ದಾರಿ. ರೂಟರ್ ಹಬ್ ಅನ್ನು ಗುರುತಿಸುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಮೇಜಿನ ಮೇಲಿಡುವ 3.5 ಇಂಚಿನ ಡಿಸ್ಕ್‌ಗೆ ತನ್ನದೇ 12 ವೋಲ್ಟ್ ಅಡಾಪ್ಟರ್ ಇರುವುದರಿಂದ ಈ ರಗಳೆಯಿಲ್ಲ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ನಮ್ಮ ಮೊದಲ ಆಯ್ಕೆ. ಉದ್ದದ ಎಕ್ಸ್‌ಟೆನ್ಷನ್ ಕೇಬಲ್ ಇದ್ದರೆ ತೆಗೆದುಹಾಕಿ, ವೋಲ್ಟೇಜ್ ಅಲ್ಲೇ ಸೋರುತ್ತದೆ.

ಇದಕ್ಕೆ ಹೊಂದಿದ ಇನ್ನೊಂದು ಕಾಟ: ಯುಎಸ್‌ಬಿ 3.0 ಡಿಸ್ಕ್ ಹಾಕಿದ ದಿನದಿಂದ ದೂರದ ಕೋಣೆಗೆ ವೈ-ಫೈ ಬರದಿದ್ದರೆ, ಡಿಸ್ಕೇ ಕಾರಣವಿರಬಹುದು. 3.0 ಸಂಪರ್ಕ ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೇ ಬೀಳುತ್ತದೆ. ದಪ್ಪ ಮಣ್ಣುಗೋಡೆಯ ಹಳೇ ಮನೆಗಳಲ್ಲಿ ಗೋಡೆ ದಾಟಿ ಹೋಗುವುದೂ ಆ ಬ್ಯಾಂಡೇ. ಡಿಸ್ಕನ್ನು ಆಂಟೆನಾದಿಂದ ಒಂದೆರಡು ಅಡಿ ಸರಿಸಿ, ಇಲ್ಲವೇ ಸೆಟ್ಟಿಂಗ್‌ನಲ್ಲಿ ಕಿಂಡಿಯನ್ನು 2.0ಕ್ಕೆ ಇಳಿಸಿ.

ಪ್ರಶ್ನೆ: ಮೊಬೈಲ್‌ನಲ್ಲಿ ಡಿಸ್ಕ್ ತೆರೆಯುತ್ತದೆ, ವಿಂಡೋಸ್‌ನಲ್ಲಿ ಮಾತ್ರ ಇಲ್ಲ.
– ಕುಶಾಲನಗರ

ಉತ್ತರ: ರೂಟರ್ ಹಳೆಯದಾಗಿದ್ದು ಫೈಲು ಹಂಚಿಕೊಳ್ಳುವ ಎಸ್‌ಎಂಬಿ 1 ಎಂಬ ಹಳೇ ಭಾಷೆಯನ್ನಷ್ಟೇ ಆಡುತ್ತಿರಬೇಕು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಹಬ್ಬಿದ್ದು ಅದರಲ್ಲಿದ್ದ ದೋಷದಿಂದ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಇರುವುದಿಲ್ಲ, ಇದ್ದರೂ ಬಳಸದಿದ್ದರೆ ಕೆಲವು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ‘ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಆನ್ ಮಾಡಿಕೊಳ್ಳಿ’ ಎಂದು ಸಲಹೆ ಕೊಡುವವರು ಬಹಳ. ಮಾಡಬೇಡಿ. ರೂಟರ್‌ನ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ನವೀಕರಿಸಿ ಎಸ್‌ಎಂಬಿ 2 ಅಥವಾ 3 ಬರುತ್ತದೆಯೇ ನೋಡಿ. ಬರದಿದ್ದರೆ ಆ ರೂಟರ್‌ನ ಈ ಸೌಲಭ್ಯವನ್ನು ಮರೆತುಬಿಡಿ.

ರೂಟರ್ ಹೊಸದಾಗಿದ್ದರೆ ತಪ್ಪು ಬೇರೆ ಕಡೆ. ಪಾಸ್‌ವರ್ಡ್ ಇಲ್ಲದ ಹಂಚಿಕೆಯನ್ನು ಈಗಿನ ವಿಂಡೋಸ್ 11 ಪ್ರೊ ಒಪ್ಪುವುದಿಲ್ಲ. ರೂಟರ್‌ನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಇಟ್ಟು, ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ \\192.168.10.1 ಎಂದು (ನಿಮ್ಮ ರೂಟರ್ ವಿಳಾಸ ಯಾವುದೋ ಅದು) ಬರೆದು ಎಂಟರ್ ಒತ್ತಿ. ‘ನೆಟ್‌ವರ್ಕ್’ ಪಟ್ಟಿಯಲ್ಲಿ ಹೆಸರು ಕಾಣಲೇಬೇಕೆಂದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು, ಏಪ್ರಿಲ್–ಮೇನಲ್ಲಿ ಸಿಡಿಲು. ಹೋದ ಸಲ ರೂಟರ್ ಸುಟ್ಟಿತು. ಡಿಸ್ಕ್ ಹಾಕುವ ಧೈರ್ಯ ಮಾಡಬಹುದೇ? ಕಣದ ಆಚೆಯ ಆಫೀಸಿಗೂ ಕೇಬಲ್ ಎಳೆಯಬೇಕು.
– ನಾಪೋಕ್ಲು

ಉತ್ತರ: ಮೊದಲು ಕರೆಂಟಿನ ಮಾತು. 8800 ಎಂಎಎಚ್ ಎಂದು ಬರೆದ ಮಿನಿ ಯುಪಿಎಸ್‌ನಲ್ಲಿ ಇರುವುದು 3.7 ವೋಲ್ಟಿನ ಲೆಕ್ಕದಲ್ಲಿ ಸುಮಾರು 32 ವಾಟ್-ಅವರ್. ರೂಟರ್ ಮತ್ತು ಡಿಸ್ಕ್ ಸೇರಿ 12 ವಾಟ್ ಎಳೆದರೆ, ನಷ್ಟ ಕಳೆದು ಎರಡು ಗಂಟೆ ಬರುತ್ತದೆ. ಫೈಬರ್ ಪೆಟ್ಟಿಗೆಗೆ ಇನ್ನೊಂದು ಬೇಕು. ರೂಟರ್ ಅಡಿಯಲ್ಲಿ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ ಓದಿಯೇ ಚುಚ್ಚಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆಗಿಡಿ. ಇನ್ನೊಂದು ಕಡೆಗಿದ್ದರೆ ಬದಲಾಗುವ ಆ ಚಿಟಿಕೆ ಹೊತ್ತಿನಲ್ಲಿ ರೂಟರ್ ಆರಿ ಹತ್ತುತ್ತದೆ, ಡಿಸ್ಕ್‌ಗೆ ಪೆಟ್ಟು ಬೀಳುವುದು ಆಗಲೇ.

ಸಿಡಿಲಿಗೆ ಯುಪಿಎಸ್ ಅಡ್ಡ ನಿಲ್ಲುವುದಿಲ್ಲ. ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ ಎಂದು ಫೈಬರ್‌ನವರು ಹೇಳುವುದು ನಿಜ, ಆದರೆ ಕಂಬದಿಂದ ಮನೆಗೆ ಬರುವ ಕೇಬಲ್‌ನಲ್ಲಿ ಎಳೆಯ ಜೊತೆ ಉಕ್ಕಿನ ತಂತಿಯೂ ಇರುವುದುಂಟು. ಆ ತಂತಿಯನ್ನು ಗೋಡೆಯ ಹೊರಗೇ ಕೊಕ್ಕೆಗೆ ಕಟ್ಟಿ ಕತ್ತರಿಸಿ, ಒಳಗೆ ಬರಗೊಡಬೇಡಿ. ಕಣದ ಆಚೆಗೆ ತಾಮ್ರದ ಲ್ಯಾನ್ ಕೇಬಲ್ ಎಳೆಯಲೇಬೇಡಿ. ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಹಾದ ತಾಮ್ರ ಹತ್ತಿರದಲ್ಲಿ ಬಡಿದ ಸಿಡಿಲಿನ ಪೆಟ್ಟನ್ನು ಎರಡೂ ತುದಿಗೆ ಹಂಚುತ್ತದೆ. ಲೋಹವಿಲ್ಲದ ಫೈಬರ್ ಎಳೆದು, ತುದಿಗೊಂದರಂತೆ ಒಂದು ಜೊತೆ ಮೀಡಿಯಾ ಕನ್ವರ್ಟರ್ (ಫೈಬರ್ ಮತ್ತು ಲ್ಯಾನ್ ಕೇಬಲ್ ಬೆಸೆಯುವ ಪೆಟ್ಟಿಗೆ) ಹಾಕಿಸಿ. ತಾಮ್ರದ 100 ಮೀಟರ್ ಮಿತಿಯೂ ಆಗ ಅಡ್ಡಿಯಾಗದು. ಗುಡುಗು ಕೇಳಿದೊಡನೆ ಪ್ಲಗ್ ಕೀಳುವ ಹಳೇ ರೂಢಿಯೇನೂ ತಪ್ಪಲ್ಲ. ರೂಟರ್ ಪುಟದಲ್ಲಿ ‘ಸೇಫ್ಲಿ ರಿಮೂವ್’ ಒತ್ತಿ ಕಿತ್ತರಾಯಿತು.

ಪ್ರಶ್ನೆ: ಹೋಮ್‌ಸ್ಟೇ ನಡೆಸುತ್ತೇವೆ. ಅತಿಥಿಗಳ ಕಣ್ಣಿಗೆ ನಮ್ಮ ಫೈಲುಗಳು ಬೀಳದಂತೆ ಮಾಡುವುದು ಹೇಗೆ?
– ಮಡಿಕೇರಿ

ಉತ್ತರ: ನಿಮ್ಮ ವಿಷಯದಲ್ಲಿ ಗೋಣಿಕೊಪ್ಪದವರಿಗೆ ಹೇಳಿದ್ದರ ತಿರುವುಮುರುವು ಮಾಡಿ. ಕಂಪನಿಯ ಪೆಟ್ಟಿಗೆಯ ವೈ-ಫೈ ಆರಿಸದೆ ಅತಿಥಿಗಳಿಗೆ ಬಿಡಿ. ಮನೆಯವರೆಲ್ಲ ಅದರ ಹಿಂದೆ ಜೋಡಿಸಿದ ಸ್ವಂತ ರೂಟರ್‌ನಲ್ಲಿರಿ. ಡಿಸ್ಕ್ ಒಳಗಿನ ರೂಟರ್‌ನಲ್ಲಿದ್ದರೆ ಹೊರಗಿನವರಿಗೆ ಅದು ಕಾಣದು. ಒಂದೇ ರೂಟರ್ ಇದ್ದರೆ ‘ಗೆಸ್ಟ್ ನೆಟ್‌ವರ್ಕ್’ ತೆರೆದು, ಒಳಜಾಲಕ್ಕೆ ಪ್ರವೇಶ ಕೊಡುವ ಗುರುತು ತೆಗೆಯಿರಿ. ಎರಡರಲ್ಲೂ ‘ಇಂಟರ್‌ನೆಟ್ ಮೂಲಕ ಎಫ್‌ಟಿಪಿ’ (ಹೊರಗಿನಿಂದ ಡಿಸ್ಕ್ ತೆರೆಯುವ ದಾರಿ) ಎಂಬುದನ್ನು ಮುಚ್ಚಿ, ಎರಡೂ ಪೆಟ್ಟಿಗೆಗಳ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಪ್ರಶ್ನೆ: ರೂಟರ್ ಡಿಸ್ಕ್‌ನಲ್ಲಿ ಹಾಕಿಟ್ಟರೆ ಬ್ಯಾಕಪ್ ಆದಂತೆಯೇ?
– ವಿರಾಜಪೇಟೆ

ಉತ್ತರ: ಆ ಫೈಲು ಬೇರೆಲ್ಲೂ ಇಲ್ಲದಿದ್ದರೆ, ಇಲ್ಲ. ಎರಡನೇ ಡಿಸ್ಕ್ ಒಂದಿರಲಿ, ತಿಂಗಳಿಗೊಮ್ಮೆ ಲ್ಯಾಪ್‌ಟಾಪ್‌ಗೆ ಹಾಕಿ ಫ್ರೀಫೈಲ್‌ಸಿಂಕ್‌ನಂಥ ಉಚಿತ ತಂತ್ರಾಂಶದಿಂದ ನಕಲು ಮಾಡಿ, ಕಳಚಿ ಬೇರೆ ಕಡೆ ಇಡಿ. ಅದರಲ್ಲಿ ‘ಮಿರರ್’ ಆರಿಸಿದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ‘ಅಪ್‌ಡೇಟ್’ ಆರಿಸಿ.