ಗೆಣ್ಣು ಕಾಣುವ ಮಾತು

ಓದುಗರ ಪತ್ರ: ಮಗಳು ಬಿಕಾಂ ಮುಗಿಸಿದ್ದಾಳೆ. ಮೈಸೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದಳು. ‘ನೀನು ಆರ್ಟಿಕ್ಯುಲೇಟ್ ಅಲ್ಲ’ ಎಂದು ಹೇಳಿ ಕಳಿಸಿದರಂತೆ. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಾವು ಕಬ್ಬು ಬೆಳೆಯುವವರು. ಆ ಮಾತಿನ ಅರ್ಥ ಏನು? ಕನ್ನಡದಲ್ಲಿ ಅದಕ್ಕೊಂದು ಪದ ಇದೆಯಾ?
— ಓದುಗರೊಬ್ಬರು, ಮದ್ದೂರು ತಾಲ್ಲೂಕು

ಸಂಪಾದಕರ ಉತ್ತರ:

ಮೊದಲು ಮಗಳನ್ನು ಊಟಕ್ಕೆ ಕೂರಿಸಿ. ಆಮೇಲೆ ಇದನ್ನು ಅವಳಿಗೇ ಓದಲು ಕೊಡಿ.

ಆ ಪದ ಲ್ಯಾಟಿನ್‌ನಿಂದ ಬಂದಿದ್ದು. ‘ಆರ್ಟಿಕ್ಯುಲಸ್’ ಅಂದರೆ ಚಿಕ್ಕ ಕೀಲು. ಬೆರಳಿನ ಗೆಣ್ಣು ಇದೆಯಲ್ಲ, ಅಂಥದ್ದು. ಮೈಸೂರು-ಬೆಂಗಳೂರು ರಸ್ತೆಯಲ್ಲಿ ಉದ್ದನೆಯ ಕಂಟೇನರ್ ಲಾರಿ ನೋಡಿರುತ್ತೀರಿ. ಮುಂದಿನ ಎಂಜಿನ್ ಭಾಗ ಬೇರೆ, ಹಿಂದಿನದು ಬೇರೆ, ನಡುವೆ ಕೀಲು. ತಿರುವಿನಲ್ಲಿ ಅಲ್ಲೇ ಬಾಗುತ್ತದೆ. ಅದಕ್ಕೂ ಇಂಗ್ಲಿಷಿನಲ್ಲಿ ‘ಆರ್ಟಿಕ್ಯುಲೇಟೆಡ್’ ಲಾರಿ ಎಂದೇ ಹೆಸರು. ಮಾತಿಗೆ ಬಂದಾಗ ಈ ಪದಕ್ಕೆ ಎರಡು ಅರ್ಥ. ಅಕ್ಷರಗಳು ಬೇರೆ ಬೇರೆಯಾಗಿ ಕೇಳುವ ಹಾಗೆ ನುಡಿಯುವುದು ಒಂದು. ಮನಸ್ಸಿನಲ್ಲಿರುವುದನ್ನು ಒಂದಾದ ಮೇಲೊಂದು ಜೋಡಿಸಿ, ಕೇಳುವವರಿಗೆ ತಿಳಿಯುವಂತೆ ಹೇಳುವುದು ಇನ್ನೊಂದು. ಪಟಪಟ ಮಾತಾಡಬೇಕು ಅನ್ನುವುದು ಇದರಲ್ಲಿಲ್ಲ. ಇಂಗ್ಲಿಷಿನಲ್ಲೇ ಆಡಬೇಕು ಅನ್ನುವುದೂ ಇಲ್ಲ. ಎಷ್ಟೋ ಜನ ಅವೆರಡನ್ನೇ ಇದರ ಅರ್ಥ ಅಂದುಕೊಂಡು ಮಕ್ಕಳನ್ನು ಅಳೆಯುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕನ್ನಡದಲ್ಲಿ ‘ಸ್ಪಷ್ಟ’ ಇದೆ, ‘ನಿಚ್ಚಳ’ ಇದೆ. ಆದರೆ ನನಗೆ ಸರಿ ಅನ್ನಿಸುವುದು ನಿಮ್ಮ ಮನೆಯಲ್ಲೇ ಓಡಾಡುವ ಮಾತು: ಬಿಡಿಸಿ ಹೇಳು. ನಿಮ್ಮ ಕಡೆ ‘ವಸಿ ಬುಡ್ಸೇಳಪ್ಪ’ ಅಂತಾರಲ್ಲ, ಅದೇ.

ಈ ‘ಬಿಡಿಸು’ ಎಷ್ಟು ಕಡೆ ದುಡಿಯುತ್ತದೆ ನೋಡಿ. ಚಳಿಗಾಲದಲ್ಲಿ ಅವರೆಕಾಯಿ ರಾಶಿ ಸುರಿದುಕೊಂಡು ಮನೆಯವರೆಲ್ಲ ಬಿಡಿಸುತ್ತೇವೆ. ಗಿಡದಿಂದ ಮಲ್ಲಿಗೆ ಬಿಡಿಸುತ್ತೇವೆ. ಮಕ್ಕಳು ಲೆಕ್ಕ ಬಿಡಿಸುತ್ತಾರೆ, ಒಗಟು ಬಿಡಿಸುತ್ತಾರೆ. ಜಗಳ ಬಿಡಿಸುತ್ತೇವೆ. ಅಡ ಇಟ್ಟ ಒಡವೆ ಬಿಡಿಸಿಕೊಂಡು ಬರುತ್ತೇವೆ. ಬಾಗಿಲಲ್ಲಿ ರಂಗೋಲಿ ಬಿಡಿಸುವುದು ನನಗೆ ಎಲ್ಲಕ್ಕಿಂತ ಇಷ್ಟ. ತಲೆಯೊಳಗೆ ಇದ್ದ ಗೆರೆ ನೆಲದ ಮೇಲೆ ಬಂದು ಎಲ್ಲರಿಗೂ ಕಾಣುತ್ತದೆ. ಮಾತು ಬಿಡಿಸುವುದೂ ಹಾಗೇ ಅಲ್ವಾ?

ಇನ್ನೊಂದು ಇದೆ: ಸಂಧಿ ಬಿಡಿಸುವುದು. ‘ಮಳೆಗಾಲ’ವನ್ನು ‘ಮಳೆ’, ‘ಕಾಲ’ ಎಂದು ಬಿಡಿಸುವುದನ್ನು ಶಾಲೆಯಲ್ಲಿ ಕಲಿಯುತ್ತೇವೆ. ‘ಸಂಧಿ’ ಅಂದರೂ ಕೀಲೇ. ಸಂಧಿವಾತ ಅನ್ನುವುದು ಅದಕ್ಕೇ. ಲ್ಯಾಟಿನ್ನಿನವರು ಮಾತಿನಲ್ಲಿ ಕೀಲು ಕಂಡರು, ನಮ್ಮ ವ್ಯಾಕರಣದವರೂ ಕಂಡರು. ಕೀಲು ಎಲ್ಲಿದೆ ಎಂದು ಗೊತ್ತಿದ್ದರೆ ಮಾತು ಬಿಡಿಸಲು ಬರುತ್ತದೆ. ಕಬ್ಬಿನ ಕಣ್ಣು ಗೆಣ್ಣಿನಲ್ಲೇ ಇರುತ್ತದೆ, ಮೊಳಕೆ ಅಲ್ಲಿಂದಲೇ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದರ ನೆಂಟರನ್ನು ಇದರ ಜೊತೆ ಕಲಸಬೇಡಿ. ಗುಟ್ಟು ಇದ್ದರೆ ಒಡೆದು ಹೇಳುತ್ತೇವೆ. ಸಂಕೋಚ ಪಡುವವರಿಗೆ ‘ಬಾಯಿಬಿಟ್ಟು ಹೇಳು’ ಅನ್ನುತ್ತೇವೆ. ದಾಕ್ಷಿಣ್ಯ ಬಿಟ್ಟವರು ಕಡ್ಡಿ ಮುರಿದ ಹಾಗೆ ಹೇಳುತ್ತಾರೆ. ಎದುರಿನವರಿಗೆ ತಿಳಿಯಲಿ ಎಂಬ ಆಸೆ ಇದ್ದವರು ಮಾತ್ರ ಬಿಡಿಸಿ ಹೇಳುತ್ತಾರೆ.

ನಿಮ್ಮ ಮಗಳು ‘ಹಾಲು’ ಅನ್ನುವಲ್ಲಿ ‘ಆಲು’ ಅಂದರೆ ಅದು ಊರಿನ ನುಡಿ. ಬಿಡಿಸಿ ಹೇಳಲು ಅದು ಅಡ್ಡಿಯಾಗುವುದಿಲ್ಲ. ಅದಕ್ಕಾಗಿ ಅವಳು ತಲೆ ತಗ್ಗಿಸುವುದು ಬೇಡ.

ಒಂದು ಕೆಲಸ ಮಾಡಿ. ಕಾರ್ಖಾನೆಯಿಂದ ಬಂದ ಕಬ್ಬಿನ ಬಿಲ್ಲು ಮನೆಯಲ್ಲಿ ಇರುತ್ತದಲ್ಲ, ಮಗಳ ಕೈಗೆ ಕೊಡಿ. ತೂಕ ಎಷ್ಟು, ಟನ್ನಿಗೆ ದರ ಎಷ್ಟು, ಕಟಾವು-ಸಾಗಣೆಗೆ ಹೋಗಿದ್ದು ಎಷ್ಟು, ಕೈಗೆ ಬಂದಿದ್ದು ಎಷ್ಟು ಎಂದು ಮನೆಯಲ್ಲಿ ಹಿರಿಯರಿಗೆ ಬಿಡಿಸಿ ಹೇಳಲಿ. ಮೊದಲು ಕನ್ನಡದಲ್ಲಿ. ಅವರು ನಡುವೆ ‘ಅದ್ಯಾಕೆ?’ ಅಂದರೆ ಅಲ್ಲಿ ಒಂದು ಗೆಣ್ಣು ತಪ್ಪಿದೆ ಎಂದು ತಿಳಿದು ಮತ್ತೆ ಹೇಳಲಿ. ಆಮೇಲೆ ಅದೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ ನೋಡಲಿ. ಮುಂದಿನ ಸಂದರ್ಶನದ ಹೊತ್ತಿಗೆ ನಾಲ್ಕೈದು ಸಲ ಆಗಿರಲಿ. ಹೇಗಾಯಿತು ಎಂದು ಅವಳೇ ನನಗೆ ಒಂದು ಸಾಲು ಬರೆಯಲಿ, ಕಾಯುತ್ತಿರುತ್ತೇನೆ.