ಓದುಗರ ಪ್ರಶ್ನೆಗೆ ಉತ್ತರ: ರಷ್ಯನ್ ಓದಬೇಕು ಅಂತಿದ್ದೀರಾ?

ಕಳೆದ ಸಂಚಿಕೆಯಲ್ಲಿ ರಷ್ಯನ್ ಭಾಷೆ ಬಗ್ಗೆ ಒಂದು ಪುಟ್ಟ ಪ್ರಶ್ನೆಗೆ ಉತ್ತರ ಬರೆದಿದ್ದೆ. ಆಮೇಲೆ ಅದೇ ವಿಷಯದ ಪತ್ರಗಳು ಬರ್ತಾನೇ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನಾನೂ ಪದವಿಯಲ್ಲಿ ಇದನ್ನೇ ಓದಿದವಳು. ಈಗ ಅನುವಾದ ಮಾಡುತ್ತೇನೆ, ಪಾಠವನ್ನೂ ಹೇಳುತ್ತೇನೆ.

ಪ್ರಶ್ನೆ: ಪದವಿಗೆ ರಷ್ಯನ್ ಭಾಷೆ ಮತ್ತು ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ತಗೋಬೇಕು ಅಂತ ಆಸೆ. ಆದರೆ ಎಲ್ಲಿ ನೋಡಿದರೂ ‘ಆರು ವಿಭಕ್ತಿ, ಮೂರು ಲಿಂಗ, ತಲೆ ಕೆಟ್ಟುಹೋಗುತ್ತೆ’ ಅಂತಲೇ ಬರೆದಿದ್ದಾರೆ. ಲಿಪಿ ನೋಡಿಯೇ ಭಯ ಆಗುತ್ತೆ. ನನ್ನ ಕೈಲಿ ಆಗುತ್ತಾ ಮೇಡಂ?

ಆಗುತ್ತೆ. ಮೊದಲು ಲಿಪಿ ಭಯ ಬಿಡಿ. ಇರೋದು 33 ಅಕ್ಷರ. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಕಲಿತವರಿಗೆ ಅದು ಎರಡು ವಾರದ ಕೆಲಸ. ತೊಂದರೆ ಕೊಡೋದು ಹೊಸ ಅಕ್ಷರಗಳಲ್ಲ, ಇಂಗ್ಲಿಷ್ ಅಕ್ಷರದ ಥರಾನೇ ಕಾಣುವವು. ಇಂಗ್ಲಿಷಿನ ಪಿ ಥರ ಕಾಣೋದು ‘ರ’, ಎಚ್ ಥರ ಇರೋದು ‘ನ’, ಸಿ ಅಂದರೆ ‘ಸ’, ಬಿ ಅಂದರೆ ‘ವ’. ಮೊದಲ ಹದಿನೈದು ದಿನ ಕಣ್ಣು ಮೋಸ ಹೋಗುತ್ತೆ, ಆಮೇಲೆ ತಾನಾಗೇ ಸರಿಹೋಗುತ್ತೆ.

ಇನ್ನು ವಿಭಕ್ತಿ. ಆ ‘ತಲೆ ಕೆಡುತ್ತೆ’ ಅನ್ನೋ ಬರಹಗಳನ್ನು ಬರೆದವರು ಯಾರು ನೋಡಿ. ಹೆಚ್ಚಿನವರು ಇಂಗ್ಲಿಷ್ ಮಾತಾಡುವವರು. ನಾಮಪದದ ಬಾಲಕ್ಕೆ ಪ್ರತ್ಯಯ ಅಂಟಿಸಿ ‘ಅಣ್ಣನಿಗೆ’, ‘ಪೆನ್ನಿನಿಂದ’ ಅನ್ನೋದು ಅವರಿಗೆ ಅಭ್ಯಾಸವೇ ಇಲ್ಲ. ನಮಗೆ ಹುಟ್ಟಿನಿಂದ ಇದೆ. ಚಿಕ್ಕವರಿದ್ದಾಗ ‘ಉ, ಅನ್ನು, ಇಂದ, ಗೆ’ ಅಂತ ಬಾಯಿಪಾಠ ಮಾಡಿದ್ದೀರಲ್ವಾ, ಆ ತಿಳಿವಳಿಕೆ ಇಲ್ಲಿ ಕೈಹಿಡಿಯುತ್ತೆ. ‘ಪೆನ್ನಿನಿಂದ ಬರೆಯುತ್ತೇನೆ’ ಅನ್ನೋದಕ್ಕೆ ರಷ್ಯನ್‌ನಲ್ಲಿ ‘ಪಿಶೂ ರೂಚ್ಕಯ್’. ಪೆನ್ನು ‘ರೂಚ್ಕ’, ಅದಕ್ಕೆ ‘ಇಂದ’ ಸೇರಿದರೆ ‘ರೂಚ್ಕಯ್’. ಅಷ್ಟೇ.

ಒಂದು ಘಟನೆ ಹೇಳಲೇಬೇಕು. ನಾನು ಮೊದಲ ವರ್ಷದಲ್ಲಿದ್ದಾಗ ಒಂದು ದಿನ ತರಗತಿಯ ಕಿಟಕಿಯಿಂದ ತಣ್ಣನೆ ಗಾಳಿ ಬರ್ತಿತ್ತು. ಕಿಟಕಿ ಮುಚ್ಚಿಸೋಣ ಅಂತ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿ, ಅದನ್ನು ಪದಕ್ಕೆ ಪದ ರಷ್ಯನ್‌ಗೆ ತಿರುಗಿಸಿ ‘ಯಾ ಹಲೋದ್ನಯ’ ಅಂದೆ. ಅದರ ಅರ್ಥ ನಾನು ಪ್ರೀತಿ, ಕರುಣೆ ಇಲ್ಲದ ತಣ್ಣನೆ ಹೆಣ್ಣು ಅಂತ. ನಮ್ಮ ಮೇಷ್ಟ್ರು ಬೈಯಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, ‘ನಿಮ್ಮ ಭಾಷೆಯಲ್ಲಿ ಹೇಗೆ ಹೇಳ್ತೀರಿ?’ ಅಂತ ಕೇಳಿದರು. ‘ನನಗೆ ಚಳಿ’ ಅಂದೆ. ಒಂದೊಂದೇ ಪದದ ಅರ್ಥ ಹೇಳಿಸಿದರು. ‘ನನಗೆ’ ಅಂದಾಗ ಬೋರ್ಡಿನ ಮೇಲೆ ‘ಮ್ನ್ಯೆ’ ಅಂತ ಬರೆದರು, ‘ಚಳಿ’ ಅಂದಾಗ ಅದರ ಪಕ್ಕದಲ್ಲಿ ‘ಹೋಲದ್ನ’ ಅಂತ ಬರೆದರು. ಮುಗೀತು. ನನ್ನ ವಾಕ್ಯ ಮನೆಯಲ್ಲೇ ಇತ್ತು, ನಾನು ಸುಮ್ನೆ ಊರೆಲ್ಲ ಹುಡುಕಿದ್ದೆ.

ಅವತ್ತಿನಿಂದ ನಾನು ಇಂಗ್ಲಿಷಿನ ಮೂಲಕ ಯೋಚಿಸೋದು ಬಿಟ್ಟೆ. ನಿಮಗೂ ಅದನ್ನೇ ಹೇಳೋದು. ಪಠ್ಯಪುಸ್ತಕ ಇಂಗ್ಲಿಷಿನಲ್ಲಿದ್ದರೂ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಳ್ಳಿ. ‘ನನಗೆ ಇಪ್ಪತ್ತು ವರ್ಷ’ ಅಂದರೆ ‘ಮ್ನ್ಯೆ ದ್ವಾತ್ಸತ್ ಲ್ಯೆತ್’, ಅಲ್ಲೂ ‘ನನಗೆ’. ಇಷ್ಟ ಆಗೋದೂ ‘ನನಗೆ’, ಬೇಕಾಗೋದೂ ‘ನನಗೆ’. ‘ನನ್ನ ಹತ್ತಿರ ಪುಸ್ತಕ ಇದೆ’ ಅನ್ನೋದೂ ನಮ್ಮ ಥರಾನೇ, ‘ಉ ಮಿನ್ಯಾ ಯೆಸ್ತ್ ಕ್ನೀಗ’. ‘ಅವನು ವಿದ್ಯಾರ್ಥಿ’ ಅನ್ನೋಕೆ ನಡುವೆ ಕ್ರಿಯಾಪದ ಬೇಡ, ‘ಓನ್ ಸ್ತುದ್ಯೆಂತ್’ ಅಂದರೆ ಸಾಕು. ತ, ದ ಎರಡೂ ನಮ್ಮ ಹಾಗೆ ಹಲ್ಲಿಗೆ ನಾಲಿಗೆ ತಾಗಿಸಿಯೇ ಹೇಳೋದು.

ಹಾಗಂತ ಎಲ್ಲವೂ ಸುಲಭ ಅಂತ ಹೇಳಿದರೆ ಸುಳ್ಳಾಗುತ್ತೆ. ನಮಗೆ ಅಣ್ಣನಿಗೂ ‘ನಿಗೆ’, ಅಕ್ಕನಿಗೂ ‘ನಿಗೆ’. ಅವರಲ್ಲಿ ಹಾಗಿಲ್ಲ. ‘ಬ್ರಾತ್’ ಅಂದರೆ ಅಣ್ಣ ಅಥವಾ ತಮ್ಮ, ಅವನಿಗೆ ಅನ್ನೋಕೆ ‘ಬ್ರಾತು’. ‘ಸಿಸ್ತ್ರಾ’ ಅಂದರೆ ಅಕ್ಕ ಅಥವಾ ತಂಗಿ, ಅವಳಿಗೆ ಅನ್ನೋಕೆ ‘ಸಿಸ್ತ್ರ್ಯೆ’. ಲಿಂಗ ಬದಲಾದರೆ ಪ್ರತ್ಯಯವೂ ಬೇರೆ, ಬಹುವಚನಕ್ಕೆ ಮತ್ತೂ ಬೇರೆ, ಸಾಲದ್ದಕ್ಕೆ ಮುಂದಿರುವ ‘ದೊಡ್ಡ’, ‘ಹೊಸ’ ಅನ್ನೋ ವಿಶೇಷಣಗಳೂ ನಾಮಪದದ ಜತೆಗೇ ಬಾಲ ಬದಲಿಸುತ್ತವೆ. ಇನ್ನೊಂದು, ಪದದಲ್ಲಿ ಒತ್ತು ಎಲ್ಲಿ ಬೀಳುತ್ತೆ ಅನ್ನೋದು. ಅದಕ್ಕೆ ಸುಲಭದ ನಿಯಮ ಇಲ್ಲ. ‘ಮೂಕ’ ಅಂತ ಮೊದಲ ಅಕ್ಷರ ಒತ್ತಿ ಹೇಳಿದರೆ ಯಾತನೆ, ‘ಮುಕಾ’ ಅಂತ ಕೊನೆಗೆ ಒತ್ತಿದರೆ ಹಿಟ್ಟು. ಬರೆಯೋವಾಗ ಎರಡೂ ಒಂದೇ. ಆದ್ದರಿಂದ ಯಾವ ಪದವನ್ನೂ ಕಿವಿಯಿಂದ ಕೇಳದೆ ಕಲಿಯಬೇಡಿ.

ಪ್ರಶ್ನೆ: ನಾನು ಈಗ ಎರಡನೇ ವರ್ಷ. ಮೊದಲ ವರ್ಷ ತರಗತಿಯಲ್ಲಿ ಒಳ್ಳೆ ಅಂಕ ಬರ್ತಿತ್ತು. ಈಗ ಕ್ರಿಯಾಪದಗಳು ಬಂದ ಮೇಲೆ ಬಾಯೇ ಬರ್ತಿಲ್ಲ. ವಿಷಯ ಬದಲಿಸೋಣವಾ ಅಂತ ಯೋಚನೆ.

ಬದಲಿಸಬೇಡಿ, ಇನ್ನೊಂದು ವರ್ಷ ತಡೆಯಿರಿ. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಬಿಟ್ಟು ಹೋದವರು ಜಾಸ್ತಿ ಹೋದದ್ದು ಇದೇ ಜಾಗದಲ್ಲಿ. ಅವರಿಗೆ ಬುದ್ಧಿ ಕಮ್ಮಿ ಇರಲಿಲ್ಲ. ರಸ್ತೆ ಇಲ್ಲಿ ಏರುತ್ತೆ ಅಂತ ಯಾರೂ ಮೊದಲೇ ಹೇಳಿರಲಿಲ್ಲ.

ರಷ್ಯನ್‌ನಲ್ಲಿ ಹೆಚ್ಚಿನ ಕ್ರಿಯಾಪದಗಳು ಜೋಡಿಯಲ್ಲಿ ಬರುತ್ತವೆ. ‘ಚಿತಾಲ್’ ಅಂದರೆ ಓದಿದೆ, ಓದ್ತಾ ಇದ್ದೆ. ‘ಪ್ರಚಿತಾಲ್’ ಅಂದರೆ ಓದಿ ಮುಗಿಸಿದೆ. ‘ಪುಸ್ತಕ ಓದಿದೆ’ ಮತ್ತು ‘ಪುಸ್ತಕ ಓದಿಬಿಟ್ಟೆ’ ಇವೆರಡರ ನಡುವೆ ನಮಗೆ ಕಿವಿಯಲ್ಲೇ ಗೊತ್ತಾಗೋ ವ್ಯತ್ಯಾಸ ಇದೆಯಲ್ಲ, ಅದರ ಹತ್ತಿರ ಹತ್ತಿರ. ಪೂರ್ತಿ ಒಂದೇ ಅಲ್ಲ, ಆದರೆ ಒಳಗೆ ಹೋಗೋಕೆ ಬಾಗಿಲಾಗಿ ಸಾಕು. ಇನ್ನೂ ಒಂದು ಸೂಕ್ಷ್ಮ ನೋಡಿ. ಕಿಟಕಿ ತೆಗಿ ಅನ್ನೋಕೆ ಮುಗಿಸೋ ಅರ್ಥದ ‘ಅತ್‌ಕ್ರೋಯ್’ ಬಳಸುತ್ತಾರೆ. ತೆಗೀಬೇಡ ಅನ್ನೋವಾಗ ಜೋಡಿಯ ಇನ್ನೊಂದಕ್ಕೆ ಹೋಗುತ್ತಾರೆ, ‘ನಿ ಅತ್‌ಕ್ರಿವಾಯ್’. ಬೇಡ ಅಂದ ಮೇಲೆ ಕೆಲಸ ಮುಗಿಯೋ ಮಾತೇ ಇಲ್ಲವಲ್ಲ. ಹೀಗೆ ಕಾರಣ ಹಿಡಿದು ಕಲಿತರೆ ನೆನಪಿರುತ್ತೆ, ಪಟ್ಟಿ ಉರು ಹೊಡೆದರೆ ಪರೀಕ್ಷೆ ಮುಗಿದ ದಿನವೇ ಹೋಗುತ್ತೆ.

‘ಹೋಗು’ ವಿಷಯದಲ್ಲಿ ಮಾತ್ರ ಕನ್ನಡ ನಮಗೆ ನೆರವಾಗಲ್ಲ. ನಮಗೆ ಒಂದೇ ‘ಹೋಗು’. ಅವರು ಮೊದಲು ನಡೆದಾ, ಗಾಡಿಯಲ್ಲಾ ಅಂತ ನೋಡುತ್ತಾರೆ. ಆಮೇಲೆ ಈಗ ಒಂದೇ ಕಡೆಗೆ ಹೊರಟಿದ್ದೀಯಾ, ಇಲ್ಲಾ ದಿನಾ ಹೋಗಿ ಬರೋದಾ ಅಂತ ನೋಡುತ್ತಾರೆ. ಈಗ ನಡೆದು ಹೋಗ್ತಿದ್ದರೆ ‘ಇದೂ’, ದಿನಾ ನಡೆದು ಹೋಗಿ ಬರುವುದಾದರೆ ‘ಹಝೂ’, ಈಗ ಬಸ್ಸಲ್ಲಿದ್ದರೆ ‘ಯೆದು’, ದಿನಾ ಬಸ್ಸಲ್ಲಾದರೆ ‘ಯೆಝ್ಝು’. ಇದಕ್ಕೆ ಒಂದೇ ಉಪಾಯ. ಬೆಳಗ್ಗೆ ಮನೆ ಬಿಡೋವಾಗ, ಬಸ್ ಹತ್ತೋವಾಗ, ಮೆಟ್ಟಿಲು ಇಳಿಯೋವಾಗ ಸರಿಯಾದ ಕ್ರಿಯಾಪದ ಬಾಯಲ್ಲಿ ಹೇಳಿಕೊಳ್ಳಿ. ಎರಡು ತಿಂಗಳು ಮಾಡಿ ನೋಡಿ.

ಒಂದು ಲೆಕ್ಕ ಕೊಡ್ತೀನಿ. ಅಮೆರಿಕ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವಾಗ ರಷ್ಯನ್‌ಗೆ ಸುಮಾರು 44 ವಾರ, 1100 ತರಗತಿ ಗಂಟೆ ಇಟ್ಟುಕೊಂಡಿದೆ. ನಿಮಗೆ ವಾರಕ್ಕೆ 8 ಗಂಟೆ ಪಾಠ, ವರ್ಷಕ್ಕೆ 30 ವಾರ ಅಂದುಕೊಳ್ಳಿ. ಮೂರು ವರ್ಷಕ್ಕೆ 720 ಗಂಟೆ ಆಯ್ತು. ಅಂದರೆ ಎರಡನೇ ವರ್ಷಕ್ಕೇ ಸರಾಗವಾಗಿ ಮಾತು ಬರಬೇಕು ಅಂತ ನಿಮ್ಮನ್ನು ನೀವೇ ಬೈದುಕೊಳ್ಳೋದು ಅನ್ಯಾಯ. ಉಳಿದ ಗಂಟೆಗಳನ್ನು ನೀವೇ ತುಂಬಬೇಕು. ದಿನಾ ನಲವತ್ತು ನಿಮಿಷ ಸಾಕು, ಆದರೆ ದಿನಾ.

ಪ್ರಶ್ನೆ: ನನಗೆ ಬೇಕಾಗಿರೋದು ಭಾಷೆ ಮಾತ್ರ. ಇತಿಹಾಸ, ಸಾಹಿತ್ಯ, ಸಂಸ್ಕೃತಿ ಅಂತ ಅಷ್ಟೊಂದು ಪೇಪರ್ ಯಾಕೆ?

ಬೇರೆ ಮಾಡೋಕೆ ಆಗಲ್ಲ. ‘ಮೀರ್’ ಅನ್ನೋ ಪದ ತಗೊಳ್ಳಿ. ಅದಕ್ಕೆ ಜಗತ್ತು ಅಂತಲೂ ಅರ್ಥ ಇದೆ, ಶಾಂತಿ ಅಂತಲೂ ಇದೆ. 1918ರ ಕಾಗುಣಿತ ಸುಧಾರಣೆಗೆ ಮುಂಚೆ ಇವನ್ನು ಎರಡು ಬೇರೆ ಅಕ್ಷರ ಹಾಕಿ ಬರೆಯುತ್ತಿದ್ದರು, ಆಮೇಲೆ ಒಂದೇ ಆಯ್ತು. ಹಳೆಯ ಪುಸ್ತಕದಲ್ಲಿ ಯಾವ ಮೀರ್ ಅಂತ ತಿಳಿಯಬೇಕಾದರೆ ಈ ಕಥೆ ಗೊತ್ತಿರಬೇಕು. 19ನೇ ಶತಮಾನದ ಕಾದಂಬರಿಯಲ್ಲಿ ಒಬ್ಬ ಜಮೀನ್ದಾರ ತನ್ನ ‘ಜೀವಗಳನ್ನು’ ಎಣಿಸುತ್ತಾನೆ ಅಂದರೆ ಅವು ಅವನ ಜಮೀನಿಗೆ ಕಟ್ಟಿಹಾಕಿದ ರೈತರು. ಆ ಜೀತ ರದ್ದಾಗಿದ್ದು 1861ರಲ್ಲಿ. ಇದು ಗೊತ್ತಿಲ್ಲದೆ ಓದಿದರೆ ಪದ ಅರ್ಥ ಆಗುತ್ತೆ, ಸಂಕಟ ಅರ್ಥ ಆಗಲ್ಲ.

ಮಾತಿನಲ್ಲೂ ಹಾಗೇ. ನಮ್ಮ ನೀನು, ನೀವು ಥರ ಅವರಲ್ಲಿ ‘ತಿ’, ‘ವಿ’. ಗುರುಗಳನ್ನು ಬರೀ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಹೆಸರಿನ ಜತೆ ತಂದೆಯ ಹೆಸರಿನಿಂದ ಬಂದ ಪಿತೃನಾಮ ಸೇರಿಸಬೇಕು. ತಂದೆ ಇವಾನ್ ಆದರೆ ಮಗ ಇವಾನವಿಚ್, ಮಗಳು ಇವಾನವ್ನ. ಕಥೆಯಲ್ಲಿ ಇಬ್ಬರು ಪ್ರೇಮಿಗಳು ‘ವಿ’ ಬಿಟ್ಟು ‘ತಿ’ಗೆ ಬರುವ ಒಂದು ಸಾಲು ಇರುತ್ತೆ. ಇಂಗ್ಲಿಷ್ ಅನುವಾದದಲ್ಲಿ ಅದು ಕಾಣೆಯಾಗುತ್ತೆ. ಕನ್ನಡಕ್ಕೆ ತಂದಾಗ ಹಾಗೇ ಉಳಿಯುತ್ತೆ. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಖುಷಿ ಕೊಡೋದು ಇಂಥ ಸಾಲುಗಳೇ.

ಪ್ರಶ್ನೆ: ಯುದ್ಧ ನಡೆದಿರುವಾಗ ರಷ್ಯನ್ ಓದೋದು ಸರೀನಾ ಅಂತ ಸ್ನೇಹಿತರು ಕೇಳ್ತಾರೆ. ಒಂದು ವರ್ಷ ಅಲ್ಲಿಗೆ ಹೋಗಿ ಓದೋ ಆಸೆಯೂ ಇದೆ. ಏನು ಹೇಳ್ತೀರಿ?

ಕೇಳಬೇಕಾದ ಪ್ರಶ್ನೆಯೇ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಮಾಡಿದ ಮೇಲೆ ನಾನೂ ಕೆಲವು ವಾರ ಪುಸ್ತಕ ಮುಟ್ಟಲಿಲ್ಲ. ಆದರೆ ಭಾಷೆ ಒಂದು ಸರ್ಕಾರದ ಸ್ವತ್ತಲ್ಲ. ಉಕ್ರೇನಿನಲ್ಲೂ ರಷ್ಯನ್ ಮನೆಮಾತಾಗಿ ಬೆಳೆದವರಿದ್ದಾರೆ, ಯುದ್ಧ ಬೇಡ ಅಂತ ರಷ್ಯನ್‌ನಲ್ಲೇ ಹೇಳಿ ಜೈಲು ಸೇರಿದವರೂ ಇದ್ದಾರೆ. ಅವರ ಮಾತು ಕೇಳೋಕಾದರೂ ಈ ಭಾಷೆ ಬೇಕು. ಜತೆಗೆ ಉಕ್ರೇನಿಯನ್ ಬೇರೆಯೇ ಭಾಷೆ, ಅದಕ್ಕೆ ತನ್ನದೇ ಸಾಹಿತ್ಯ ಇದೆ ಅನ್ನೋದನ್ನೂ ಓದಿ. ಒಂದು ಸಣ್ಣ ಉದಾಹರಣೆ. ‘ಉಕ್ರೇನಿನಲ್ಲಿ’ ಅನ್ನೋಕೆ ರಷ್ಯನ್‌ನಲ್ಲಿ ಹಳೆಯ ರೂಢಿ ‘ನಾ’ ಅನ್ನೋ ಪದ ಬಳಸೋದು. ಸ್ವತಂತ್ರ ದೇಶಗಳಿಗೆ ಸಾಮಾನ್ಯವಾಗಿ ಬಳಸುವ ‘ವ್’ ಬಳಸಿ ಅನ್ನೋದು ಉಕ್ರೇನಿನ ಬೇಡಿಕೆ. ಇಷ್ಟು ಚಿಕ್ಕ ಪದದಲ್ಲಿ ಮಾತಾಡುವವರ ನಿಲುವು ಕಾಣುತ್ತೆ. ನೀವು ಯಾವುದು ಬಳಸುತ್ತೀರಿ ಅಂತ ಮೊದಲೇ ತಿಳಿದು ಬಳಸಿ.

ಹೋಗುವ ವಿಷಯ. ಮಾಸ್ಕೋದಲ್ಲಿ ವಿದೇಶಿಯರಿಗೆ ರಷ್ಯನ್ ಕಲಿಸುವುದಕ್ಕೇ ಹೆಸರಾದ ಪುಷ್ಕಿನ್ ಸಂಸ್ಥೆ 1966ರಿಂದ ಇದೆ. ರಷ್ಯನ್ ಮಾಧ್ಯಮದಲ್ಲಿ ಪದವಿ ಮಾಡಲು ಹೋಗುವ ವಿದೇಶಿಯರು ಸಾಮಾನ್ಯವಾಗಿ ಮೊದಲು ಒಂದು ವರ್ಷ ‘ಪೊದ್‌ಫಾಕ್’ ಅನ್ನೋ ಪೂರ್ವಸಿದ್ಧತೆ ತರಗತಿ ಮಾಡುತ್ತಾರೆ. ಆದರೆ ಹೋಗೋ ಮುಂಚೆ ನಿಮ್ಮ ದೇಶದ ಪ್ರಯಾಣ ಸೂಚನೆ ಓದಿ. ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಬ್ಯಾಂಕ್ ಕಾರ್ಡುಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯೋಲ್ಲ, ಹಣದ ದಾರಿ ಮೊದಲೇ ನೋಡಿಕೊಳ್ಳಿ. ಅಲ್ಲಿಗೆ ಬೇಡ ಅನ್ನಿಸಿದರೆ ಕಜಾಕಿಸ್ತಾನದ ಅಲ್ಮಾಟಿ, ಕಿರ್ಗಿಸ್ತಾನದ ಬಿಷ್ಕೆಕ್ ಇವೆ. ಎರಡೂ ಊರಲ್ಲಿ ಬೀದಿಯಲ್ಲಿ, ಅಂಗಡಿಯಲ್ಲಿ ರಷ್ಯನ್ ಕೇಳಿಸುತ್ತೆ. ಅಲ್ಲಿ ಇದ್ದು ಬಂದವರಿಗೆ ಈ ಭಾಷೆ ಬರೀ ರಷ್ಯಾದ್ದಲ್ಲ ಅನ್ನೋದೂ ಗೊತ್ತಾಗುತ್ತೆ.

ಪ್ರಶ್ನೆ: ಓದಿ ಮುಗಿಸಿದ ಮೇಲೆ ಕೆಲಸ ಸಿಗುತ್ತಾ? ಅಪ್ಪ ಅಮ್ಮನಿಗೆ ಏನು ಹೇಳಲಿ?

ನೇರವಾಗಿ ಹೇಳ್ತೀನಿ. ಬರೀ ಭಾಷೆಯ ಪದವಿ ನಂಬಿಕೊಂಡು ಕೂರಬೇಡಿ. ಅದರ ಜತೆ ಕಾನೂನು, ಅರ್ಥಶಾಸ್ತ್ರ, ಅಂತರರಾಷ್ಟ್ರೀಯ ಸಂಬಂಧ, ಕಂಪ್ಯೂಟರ್ ಹೀಗೆ ಇನ್ನೊಂದು ವಿಷಯ ಹಿಡಿಯಿರಿ. ಅನುವಾದ, ದುಭಾಷಿ ಕೆಲಸ, ಬೋಧನೆ, ಸಂಶೋಧನೆ ಎಲ್ಲ ಇವೆ. ರಷ್ಯನ್ ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು ನಿಜ. ಆದರೆ ಅಲ್ಲಿನ ಅನುವಾದಕರು ಆ ಆರರಲ್ಲೇ ತಮಗೆ ಪೂರ್ತಿ ಹಿಡಿತ ಇರುವ ಒಂದಕ್ಕೆ ಅನುವಾದಿಸುತ್ತಾರೆ, ಹಾಗಾಗಿ ನಿಮ್ಮ ಇಂಗ್ಲಿಷ್ ಕೂಡ ಅಷ್ಟೇ ಗಟ್ಟಿ ಇರಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗೋ ಗಗನಯಾತ್ರಿಗಳೂ ರಷ್ಯನ್ ಕಲಿತೇ ಹೋಗುತ್ತಾರೆ!

ಪದವಿ ಪತ್ರದ ಜತೆ ಟಿಆರ್‌ಕೆಐ, ಅಂದರೆ ವಿದೇಶಿಯರಿಗೆ ರಷ್ಯನ್ ಎಷ್ಟು ಬರುತ್ತೆ ಅಂತ ಅಳೆಯೋ ಪರೀಕ್ಷೆಯ ಪ್ರಮಾಣಪತ್ರ ಇಟ್ಟುಕೊಳ್ಳಿ. ಅದರಲ್ಲಿ ಆರು ಹಂತ. ಮೊದಲನೇ ಪ್ರಮಾಣಪತ್ರ ಮಟ್ಟ ಅನ್ನೋದು ಶುರುವಿನಿಂದ ಮೂರನೇ ಹಂತ, ಅದಕ್ಕೆ ಸುಮಾರು 2300 ಪದ ಬರಬೇಕು. ಅನುವಾದಕ್ಕೆ ಇಳಿಯೋರು ಇನ್ನೂ ಮೇಲಕ್ಕೆ ಹೋಗಲೇಬೇಕು. ಅಪ್ಪ ಅಮ್ಮನಿಗೆ ಎರಡನೇ ವಿಷಯ ಯಾವುದು, ಯಾವ ವರ್ಷ ಯಾವ ಹಂತ ಬರೆಯುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಬಾಯಿಮಾತಿಗಿಂತ ಅದನ್ನು ಜಾಸ್ತಿ ನಂಬುತ್ತಾರೆ.

ಪ್ರಶ್ನೆ: ಎಲ್ಲ ಫೋನಲ್ಲೇ ಟೈಪ್ ಮಾಡೋವಾಗ ರಷ್ಯನ್ ಕೈಬರಹ ಕಲೀಲೇಬೇಕಾ?

ಕಲೀಲೇಬೇಕು. ಅಲ್ಲಿನವರು ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿಯೇ ಬರೆಯೋದು, ನಿಮ್ಮ ಮೇಷ್ಟ್ರು ಬೋರ್ಡ್ ಮೇಲೆ ಬರೆಯೋದೂ ಅದನ್ನೇ. ಅಚ್ಚಿನಲ್ಲಿ ಒಂದು ರೂಪ, ಕೈಯಲ್ಲಿ ಇನ್ನೊಂದು. ಕೈಬರಹದ ‘ತ’ ಇಂಗ್ಲಿಷಿನ ಎಂ ಥರ, ‘ದ’ ಅಕ್ಷರ ಜಿ ಥರ, ‘ಇ’ ಅಕ್ಷರ ಯು ಥರ ಕಾಣುತ್ತೆ. ‘ಇ’, ‘ಲ’, ‘ಶ’ ಸಾಲಾಗಿ ಬಂದರೆ ಬರೀ ಅಲೆ ಎಳೆದ ಹಾಗೆ ಇರುತ್ತೆ. ಅದಕ್ಕೇ ಎಷ್ಟೋ ಜನ ‘ತ’ ಮೇಲೆ ಒಂದು ಗೆರೆ, ‘ಶ’ ಕೆಳಗೆ ಒಂದು ಗೆರೆ ಎಳೆಯುತ್ತಾರೆ. ನೀವೂ ಮೊದಲ ದಿನದಿಂದಲೇ ಹಾಗೆ ಎಳೆಯಿರಿ. ಶುರುವಿನಲ್ಲಿ ಗೆರೆ ಹಾಕಿದ ಪುಸ್ತಕದಲ್ಲಿ ದಿನಕ್ಕೆ ಅರ್ಧ ಪುಟ ಬರೆದರೆ ಸಾಕು.