ಪಟ ತೆಗೆಯುವ ಮೊದಲು ಕೇಳುವ ಮಾತು

ಕೇರಳದಲ್ಲಿ ಹುಟ್ಟಿ ಬೆಳೆದ ನಾನು ಛಾಯಾಚಿತ್ರಗಳ ಅಡಿಬರಹವನ್ನು ಕನ್ನಡದಲ್ಲಿ ಬರೆಯುವುದೇಕೆ, ಈ ಹವ್ಯಾಸ ನನಗೆ ಎಲ್ಲಿಂದ ಬಂತು ಎಂದು ತಾವು ಕೇಳಿದ್ದೀರಿ. ನಮ್ಮ ಊರಿದ್ದ ಅಂದಿನ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆಗ ಶಾಲೆಗೆ ಹೋಗುತ್ತಿದ್ದ ನನ್ನ ಅಜ್ಜ ಕಲಿತದ್ದು ಕನ್ನಡದಲ್ಲಿ. ಪೆರ್ಲದ ಸಮೀಪದ ಅದೇ ಮನೆಯಿಂದ ಹೊರಟು ನಾನು ಕಲಿತದ್ದೂ ಕನ್ನಡ ಮಾಧ್ಯಮದಲ್ಲೇ. ಮನೆಯೊಳಗೆ ಹವ್ಯಕ ಕನ್ನಡ, ಅಂಗಳದಲ್ಲಿ ಅಡಿಕೆ ಸುಲಿಯುವವರ ಜತೆ ತುಳು, ಕಚೇರಿಗಳಲ್ಲಿ ಮಲೆಯಾಳ: ನಮಗೆ ಇದು ಉಸಿರಾಟದಷ್ಟು ಸಹಜ.

ಹತ್ತನೆಯ ತರಗತಿಯಲ್ಲಿದ್ದಾಗ ಸೋದರಮಾವ ತಮ್ಮ ಹಳೆಯ ಕ್ಯಾಮೆರಾ ಕೊಟ್ಟರು. ಅದನ್ನು ಹಿಡಿದು ನಾನು ಮೊದಲು ಹೋದದ್ದು ಯಕ್ಷಗಾನದ ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ. ತೆಂಕುತಿಟ್ಟು ಎಂಬ ನಮ್ಮ ಕಡೆಯ ಯಕ್ಷಗಾನ ಶೈಲಿಯಲ್ಲಿ ಬಣ್ಣದ ವೇಷಧಾರಿ, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯಿಂದ ಒಂದೊಂದೇ ಚುಕ್ಕೆಯಾಗಿ ಮುಖದ ಮೇಲೆ ಚಿಟ್ಟಿ ಇಡುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಒಂದು ಸಾಲು ಒಣಗಿದ ಮೇಲೆಯೇ ಅದರ ಮೇಲೆ ಇನ್ನೊಂದು ಸಾಲು. ಅಷ್ಟು ಹೊತ್ತೂ ಕಲಾವಿದರು ಕನ್ನಡಿಯಿಂದ ದೃಷ್ಟಿ ತೆಗೆಯುವುದಿಲ್ಲ. ಮಂದ ಬೆಳಕಿನ ಆ ಜಾಗದಲ್ಲಿ ಫ್ಲ್ಯಾಷ್ ಬಳಸಿದರೆ ಅವರ ಏಕಾಗ್ರತೆಗೆ ಭಂಗ ಬರುತ್ತದೆಂದು ನಾನು 50 ಮಿ.ಮೀ. ಲೆನ್ಸಿನ ಬೆಳಕಿನ ಕಿಂಡಿಯನ್ನು ಪೂರ್ತಿ ತೆರೆದು, ಉಸಿರು ಬಿಗಿಹಿಡಿದು ಚಿತ್ರ ತೆಗೆಯಲು ಕಲಿತೆ.

ಬೇಸಗೆಯಲ್ಲಿ ನನ್ನ ಇನ್ನೊಂದು ಹವ್ಯಾಸ ನೀಲಿ ಮುದ್ರಣ, ಅಂದರೆ 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್. ಕಬ್ಬಿಣದ ಲವಣಗಳ ದ್ರಾವಣ ಸವರಿ ಕತ್ತಲೆಯಲ್ಲಿ ಒಣಗಿಸಿದ ಕಾಗದದ ಮೇಲೆ ಜರಿಗಿಡದ ಎಲೆಯಿಟ್ಟು, ಅಡಿಕೆ ಒಣಗಿಸುವ ಅಂಗಳದ ಬಿಸಿಲಿನಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟು, ಬಳಿಕ ನೀರಿನಲ್ಲಿ ತೊಳೆದರೆ ಕಡುನೀಲಿಯ ನಡುವೆ ಎಲೆ ಬಿಳಿಯಾಗಿ ಮೂಡುತ್ತದೆ. ತೊಳೆಯುವ ನೀರು ನಮ್ಮ ಸುರಂಗದ್ದು. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ಒರತೆ ಹಿಡಿಯುವ ಈ ಸುರಂಗಗಳೇ ನಮ್ಮ ಕಡೆಯ ಎಷ್ಟೋ ತೋಟಗಳನ್ನು ಉಳಿಸಿವೆ. ಮಳೆಗಾಲ ಹಿಡಿಯಿತೆಂದರೆ ನೀಲಿ ಮುದ್ರಣ ನಿಲ್ಲುತ್ತದೆ.

ಇಲ್ಲಿ ಕ್ಯಾಮೆರಾ ಎತ್ತುವ ಮೊದಲು ಎದುರಿಗಿರುವವರ ಮಾತಿನಲ್ಲೇ ಕೇಳಬೇಕು. ಒಬ್ಬರಲ್ಲಿ ತುಳುವಿನಲ್ಲಿ “ಒಂಜಿ ಪಟ ದೆಪ್ಪೊಲಿಯಾ ಅಣ್ಣೇರೆ?” ಎನ್ನುತ್ತೇನೆ, ಇನ್ನೊಬ್ಬರಲ್ಲಿ ಮಲೆಯಾಳದಲ್ಲಿ “ಒರು ಫೋಟೋ ಎಡುತ್ತೋಟ್ಟೆ ಚೇಟ್ಟಾ?” ಎನ್ನುತ್ತೇನೆ; ಎರಡರ ಅರ್ಥವೂ ‘ಒಂದು ಪಟ ತೆಗೆಯಬಹುದಾ ಅಣ್ಣಾ?’ ಎಂದೇ. ಹಾಗೆ ಕೇಳಿದಾಗ ಮುಖದ ಬಿಗಿ ಸಡಿಲುವುದು ಚಿತ್ರದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಕೇಳದೆ ತೆಗೆದ ಚಿತ್ರಗಳನ್ನು ನಾನು ಅಳಿಸಿಬಿಟ್ಟಿದ್ದೇನೆ.

ಸುರಂಗ ತೋಡುವ ಹಿರಿಯರೊಬ್ಬರ ಜತೆ ಒಮ್ಮೆ ಒಳಗೆ ಹೋಗಿದ್ದೆ. ಇಬ್ಬರು ಅಕ್ಕಪಕ್ಕ ನಿಲ್ಲಲಾಗದಷ್ಟು ಇಕ್ಕಟ್ಟು. ಗಾಳಿ ಸಾಕಷ್ಟಿದೆಯೇ ಎಂದು ತಿಳಿಯಲು ಅವರು ಹಚ್ಚಿಟ್ಟ ಮೋಂಬತ್ತಿಯೇ ನನಗೂ ಬೆಳಕಾಯಿತು. ಕ್ಯಾಮೆರಾವನ್ನು ಕಲ್ಲಿನ ಮೇಲೆ ಊರಿ ಅವರನ್ನು ಅಲ್ಲಾಡದೆ ಕೂರಲು ಹೇಳಿ, ಷಟರನ್ನು ಎಂಟು ಸೆಕೆಂಡು ತೆರೆದಿಟ್ಟೆ. ಮಲೆಯಾಳ ಮಾತಾಡಬಲ್ಲ ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಅಚ್ಚು ಹಾಕಿಸಿ ಕೊಟ್ಟ ಚಿತ್ರದ ಅಡಿಬರಹವನ್ನು ಬೆರಳಿಟ್ಟು ಓದಿ, “ಇದು ಗುದ್ದಲಿ ಅಲ್ಲ ಮಗಾ, ಪಿಕ್ಕಾಸು” ಎಂದರು. ತಿದ್ದಿ ಮತ್ತೊಮ್ಮೆ ಅಚ್ಚು ಹಾಕಿಸಿ ಕೊಟ್ಟೆ.